ಬಟವಾಡೆ ನಿಂತ ಮೇಲೆ

ಶಹಾಬಾದ್ ಕಲ್ಲು ಗೊತ್ತಲ್ವಾ? ನಾವು ಫರಸಿ ಅನ್ನುತ್ತೇವೆ. ಕಲಬುರಗಿ ಜಿಲ್ಲೆಯ ಶಹಾಬಾದ್, ಚಿತ್ತಾಪುರ ಕಡೆ ನೆಲ ಅಗೆದರೆ ಪದರು ಪದರಾಗಿ ಏಳುವ ಸುಣ್ಣದ ಕಲ್ಲು. ನಮ್ಮ ಮನೆಯವರು 20 ವರ್ಷ ಅದನ್ನೇ ಎಬ್ಬಿಸಿದವರು. ಮನೆ ಕಟ್ಟುವವರು ಟೈಲ್ಸ್ ಕಡೆ ತಿರುಗಿದರು, ಲಾರಿ ಬರುವುದು ಕಮ್ಮಿಯಾಯಿತು, ಒಂದು ದಿನ ಖಣಿಯೇ ನಿಂತಿತು. ಓಣಿಯ ಅರ್ಧ ಜನ ಹೈದರಾಬಾದ್, ಪುಣೆ ಅಂತ ಗುಳೆ ಹೋದರು.

ಖಣಿಯ ಕೂಲಿ ದೊಡ್ಡದೇನಲ್ಲ. ಆದರೆ ಸಂತೆಯ ದಿನ ಬಟವಾಡೆ ಕೈಗೆ ಬರುತ್ತಿತ್ತು. ಎಣ್ಣೆ, ಬೆಲ್ಲ, ಸಂಘದ ಕಂತು ಎಲ್ಲ ಅದರಲ್ಲೇ. ನಮಗೆ ಎರಡು ಎಕರೆ ತೊಗರಿ ಹೊಲ ಇದೆ. 2019ರಲ್ಲಿ ನಮ್ಮ ಕಲಬುರಗಿ ತೊಗರಿಗೆ ಜಿಐ ಟ್ಯಾಗ್, ಅಂದರೆ ಇದು ಈ ಸೀಮೆಯದೇ ಬೆಳೆ ಅನ್ನುವ ಸರ್ಕಾರಿ ಗುರುತು, ಸಿಕ್ಕಿದಾಗ ಖುಷಿ ಆಗಿತ್ತು. ಆದರೂ ಮಳೆಗಾಲಕ್ಕೆ ಬಿತ್ತಿದ ತೊಗರಿಯಿಂದ ದುಡ್ಡು ಕಾಣುವುದು ಡಿಸೆಂಬರ್, ಜನವರಿಗೆ. ಗಿಡ ಒಣಗಿಸುವ ನೆಟೆ ರೋಗ ಬಿದ್ದರೆ ಅದೂ ಇಲ್ಲ. ಹಾಗಾಗಿ ಜಾಸ್ತಿ ದುಡ್ಡಿನ ಕೆಲಸಕ್ಕಿಂತ ವಾರ ವಾರ ದುಡ್ಡು ಬರುವ ಕೆಲಸ ಹುಡುಕಿದೆ.

ನನಗೆ ಗೊತ್ತಿದ್ದದ್ದು ರೊಟ್ಟಿ. ಸಂಘದ ನಾಲ್ವರು ಸೇರಿ ಖಡಕ್ ರೊಟ್ಟಿ ಶುರು ಮಾಡಿದೆವು. ಜೋಳ ಮಾಲದಂಡಿಯೇ ಆಗಬೇಕು. ಹಿಟ್ಟು ಹಳತಾದರೆ ಜಿಗಿ ಹೋಗಿ ಅಂಚು ಒಡೆಯುತ್ತದೆ, ಅದಕ್ಕೆ ಎರಡು ದಿನಕ್ಕೊಮ್ಮೆ ಬೀಸಿಸುತ್ತೇವೆ.

ಮೊದಲ ಸಲ 300 ರೊಟ್ಟಿ ಕಳಿಸಿದ್ದೆವು, ಐದೇ ದಿನಕ್ಕೆ ಬೂಸು ಬಂದು ವಾಪಸ್ ಬಂದವು. ನಾನು ಅಡುಗೆಮನೆಯಲ್ಲಿ ಕೂತು ಅತ್ತುಬಿಟ್ಟೆ. ನಮ್ಮ ಮನೆಯವರು ಸುಮ್ನೆ ಒಂದು ರೊಟ್ಟಿ ಎತ್ತಿ ಬೆರಳಿನಿಂದ ತಟ್ಟಿ ಕಿವಿಗೊಟ್ಟರು. ಖಣಿಯಲ್ಲಿ ಕಲ್ಲು ನೋಡುವುದೂ ಹೀಗೇ. ಗಟ್ಟಿ ಕಲ್ಲು ಠಣ್ ಅನ್ನುತ್ತದೆ, ಒಳಗೆ ಬಿರುಕಿದ್ದರೆ ದನಿ ಬೊದ್ದು. "ಇದು ನಡುವ ಇನ್ನೂ ಹಸಿ ಅದ, ಕಟ್ಟಬ್ಯಾಡ" ಅಂದರು. ಅವತ್ತಿನಿಂದ ಒಲೆಯ ಕಾವಿಗೆ ಇನ್ನೂ ಹೊತ್ತು ನಿಲ್ಲಿಸಿ, ಒಂದೊಂದನ್ನೂ ಅವರೇ ತಟ್ಟಿ ನೋಡಿ ಕಟ್ಟುತ್ತಾರೆ. ಆಮೇಲೆ ಒಂದೂ ವಾಪಸ್ ಬಂದಿಲ್ಲ.

ಒಂದು ದೊಡ್ಡ ಹೋಟೆಲಿನವರು ದಿನಾ 500 ರೊಟ್ಟಿ ಕೇಳಿದರು, ದುಡ್ಡು ಎರಡು ತಿಂಗಳಿಗೊಮ್ಮೆ. ಒಪ್ಪಲಿಲ್ಲ. ಎರಡು ತಿಂಗಳು ಜೋಳಕ್ಕೆ ದುಡ್ಡು ಎಲ್ಲಿಂದ ತರುವುದು? ಸಣ್ಣ ಖಾನಾವಳಿಗಳು ಮೂರು ಇವೆ, ಅವರು ಶನಿವಾರ ಲೆಕ್ಕ ಚುಕ್ತಾ ಮಾಡುತ್ತಾರೆ. ಹೊಸದಾಗಿ ಶುರು ಮಾಡುವವರಿಗೆ ನಾನು ಮೊದಲು ಹೇಳುವುದು ಇದನ್ನೇ: ಎಷ್ಟು ಕೊಡುತ್ತಾರೆ ಅಂತ ಕೇಳುವ ಮೊದಲು ಯಾವತ್ತು ಕೊಡುತ್ತಾರೆ ಅಂತ ಕೇಳಿ.

ಈಗ ತೊಗರಿಯನ್ನೂ ರಾಶಿ ಆದ ಕೂಡಲೇ ಪೂರ್ತಿ ಮಾರುವುದಿಲ್ಲ. ಎರಡು ಚೀಲ ಇಟ್ಟುಕೊಂಡು, ಬೇಕಾದಾಗ ಬೇಳೆ ಮಾಡಿಸಿ ರೊಟ್ಟಿಯ ಜೊತೆಗೇ ಕೊಡುತ್ತೇವೆ. ಹೊಟ್ಟು, ನುಚ್ಚು ಎಮ್ಮೆಗೆ. ಯಾರಾದರೂ ಫರಸಿ ಹಾಸಲು ಕರೆದರೆ ನಮ್ಮ ಮನೆಯವರು ಈಗಲೂ ಹೋಗುತ್ತಾರೆ. ಬರುವಾಗ ಉಳಿದ ತುಂಡು ತಂದು ಉಜ್ಜಿ ನುಣ್ಣಗೆ ಮಾಡುತ್ತಾರೆ. ನಾವು ನಾಲ್ವರೂ ರೊಟ್ಟಿ ತಟ್ಟುವುದು ಆ ಕಲ್ಲುಗಳ ಮೇಲೆಯೇ.