ಎಣ್ಣೆ ಬಾಯ್ಲರಿನ ವಾರ್ಷಿಕ ಸರ್ವಿಸ್: ನಾನು ಮಾಡುವ ಕ್ರಮ, ನೋಡುವ ಅಂಕಿ

ಅಮೆರಿಕದ ಈಶಾನ್ಯ ಮೂಲೆಯ ನ್ಯೂ ಇಂಗ್ಲೆಂಡಿನ ಹಳೆಯ ಮನೆಗಳ ಬೇಸ್‌ಮೆಂಟಿಗೆ ಇಳಿದರೆ ಮೂಲೆಯಲ್ಲೊಂದು 275 ಗ್ಯಾಲನ್ನಿನ ಉಕ್ಕಿನ ಟ್ಯಾಂಕು, ಅದರಿಂದ ಹೊರಟ ತೆಳು ತಾಮ್ರದ ಕೊಳವೆ, ಕೊಳವೆಯ ತುದಿಗೆ ಎಣ್ಣೆ ಉರಿಸಿ ಮನೆಯನ್ನು ಬೆಚ್ಚಗಿಡುವ ಬಾಯ್ಲರ್ ಕಾಣುತ್ತದೆ. ಬೆಂಗಳೂರು, ಮೈಸೂರು ಕಡೆಯಿಂದ ಬಂದು ಇಲ್ಲಿ ಮನೆ ಕೊಂಡವರಿಗೆ ಇದರ ಪರಿಚಯ ಇರುವುದಿಲ್ಲ. ನಮ್ಮ ಕಡೆ ನೀರು ಕಾಯಿಸುವ ಬೆಂಕಿ ಎಂದರೆ ಬಚ್ಚಲ ಹಂಡೆಯ ಕೆಳಗಿನದು. ಹಂಡೆಗೆ ಮಸಿ ಕಟ್ಟಿದರೆ ನೀರು ಸ್ವಲ್ಪ ತಡವಾಗಿ ಕಾಯುತ್ತಿತ್ತು, ಅಷ್ಟೆ. ಶೇಕಡಾ 87ರ ದಕ್ಷತೆಯ ಎಣ್ಣೆ ಬಾಯ್ಲರಿನಲ್ಲಿ ಅದೇ ಮಸಿ ಜನವರಿಯ ನಡುರಾತ್ರಿ ಯಂತ್ರವನ್ನೇ ನಿಲ್ಲಿಸಿಬಿಡುತ್ತದೆ.

ಕಾರಣ ಸರಳ. ಹಳೆಯ ಬಾಯ್ಲರಿನಲ್ಲಿ ಹೊಗೆ ಹಾಯುವ ದಾರಿ ಅಗಲ. ಚಿಮಣಿಗೆ ಹೋಗುವ ಹೊಗೆ 500, 600 ಡಿಗ್ರಿ ಫ್ಯಾರನ್‌ಹೀಟ್ ಇರುತ್ತಿತ್ತು. ಎಣ್ಣೆ ದಂಡವಾದರೂ ಎಷ್ಟು ಕೊಳೆ ಕಟ್ಟಿದರೂ ಅದು ಉರಿಯುತ್ತಿತ್ತು. ಹೊಸ ಬಾಯ್ಲರುಗಳಲ್ಲಿ, ಉದಾಹರಣೆಗೆ ಬುಡೆರಸ್ ಜಿ115 ತರಹದ ಮೂರು ಸುತ್ತಿನ ಎರಕದ ಬಾಯ್ಲರಿನಲ್ಲಿ, ಬಿಸಿಗಾಳಿ ಇಕ್ಕಟ್ಟಾದ ದಾರಿಯಲ್ಲಿ ಮೂರು ಬಾರಿ ಹಾದು, ಶಾಖವನ್ನೆಲ್ಲ ನೀರಿಗೆ ಕೊಟ್ಟು, 350 ಡಿಗ್ರಿಯ ಆಸುಪಾಸಿನಲ್ಲಿ ಹೊರಬೀಳುತ್ತದೆ. ಇಕ್ಕಟ್ಟಿನ ದಾರಿಗೆ ಸ್ವಲ್ಪ ಮಸಿ ಸಾಕು. ಎಳೆತ (ಚಿಮಣಿ ಹೊಗೆಯನ್ನು ಸೆಳೆದುಕೊಳ್ಳುವ ಬಲ, ಡ್ರಾಫ್ಟ್) ಕಡಿಮೆಯಾಗುತ್ತದೆ, ಎಳೆತ ಕುಗ್ಗಿದರೆ ಗಾಳಿ ಸಾಲದು, ಗಾಳಿ ಸಾಲದಿದ್ದರೆ ಇನ್ನಷ್ಟು ಮಸಿ. ನಾನು ನೋಡಿದ ಮಟ್ಟಿಗೆ ನಿಂತುಹೋದ ಬಾಯ್ಲರುಗಳಲ್ಲಿ ದುಬಾರಿ ಭಾಗ ಕೆಟ್ಟಿರುವುದು ಅಪರೂಪ. ಎಣ್ಣೆಯಲ್ಲಿ ಕೊಳೆ, ಕೊಳವೆಯಲ್ಲಿ ಗಾಳಿ, ಕಣ್ಣಂದಾಜಿನಲ್ಲಿ ತಿರುಗಿಸಿಟ್ಟ ಏರ್ ಬ್ಯಾಂಡ್ (ಎಣ್ಣೆ ಉರಿಸುವ ಬರ್ನರಿಗೆ ಗಾಳಿ ಬಿಡುವ ಪಟ್ಟಿ): ಹೆಚ್ಚಿನವು ಈ ಮೂರರಲ್ಲೇ ಮುಗಿಯುತ್ತವೆ.

ಮ್ಯಾಸಚೂಸೆಟ್ಸ್‌ನಲ್ಲಿ ಬರ್ನರ್ ಬಿಚ್ಚಿ ರಿಪೇರಿ ಮಾಡಲು ರಾಜ್ಯದ ಅಗ್ನಿಶಾಮಕ ಇಲಾಖೆಯ ಪ್ರಮಾಣಪತ್ರ ಬೇಕು. ಅದಿಲ್ಲದವರು ಇದನ್ನು ಮನೆಗೆ ಬರುವ ಮೆಕ್ಯಾನಿಕ್ ಏನೇನು ಮಾಡಬೇಕು, ಯಾವ ಅಂಕಿ ಕೇಳಿ ಪಡೆಯಬೇಕು ಎಂದು ತಿಳಿಯಲು ಓದಿ. ಇಪ್ಪತ್ತೇ ನಿಮಿಷದಲ್ಲಿ ಫಿಲ್ಟರ್ ಬದಲಾಯಿಸಿ ಹೊರಟರೆ ಅದು ಸರ್ವಿಸ್ ಅಲ್ಲ.

ಹೊಸ ಬಾಯ್ಲರ್ ಕೊಳ್ಳುವವರು ಶೇಕಡಾ 90 ದಾಟಿದ ಕಂಡೆನ್ಸಿಂಗ್ ಎಣ್ಣೆ ಬಾಯ್ಲರ್ ತೆಗೆದುಕೊಳ್ಳಲೇ ಎಂದು ಕೇಳುತ್ತಾರೆ. ಹೊಗೆಯಲ್ಲಿರುವ ನೀರಾವಿ ಹನಿಗಟ್ಟಿದರೆ ಮಾತ್ರ ಆ ಹೆಚ್ಚುವರಿ ಲಾಭ ಸಿಗುವುದು. ಎಣ್ಣೆಯ ಹೊಗೆ ಹನಿಗಟ್ಟುವುದು 115ರಿಂದ 120 ಡಿಗ್ರಿಯ ಕೆಳಗೆ. ಗ್ಯಾಸಿನ ಹೊಗೆಯಾದರೆ ಅದಕ್ಕಿಂತ ಬಿಸಿಯಿರುವಾಗಲೇ ಹನಿಗಟ್ಟುತ್ತದೆ, ಏಕೆಂದರೆ ಗ್ಯಾಸಿನಲ್ಲಿ ಹೈಡ್ರೋಜನ್ ಹೆಚ್ಚು. ಇಲ್ಲಿನ ಬಹುಪಾಲು ಮನೆಗಳ ಗೋಡೆಯ ಬುಡದ ಬೇಸ್‌ಬೋರ್ಡ್ ರೇಡಿಯೇಟರುಗಳನ್ನು 180 ಡಿಗ್ರಿ ನೀರಿಗೆ ಲೆಕ್ಕಹಾಕಿ ಹಾಕಿರುತ್ತಾರೆ. ಮರಳಿ ಬರುವ ನೀರೇ 150, 160 ಡಿಗ್ರಿ ಇದ್ದರೆ ಹನಿಗಟ್ಟುವ ಮಾತೇ ಇಲ್ಲ. ನೆಲದಡಿ ಬಿಸಿನೀರು ಹರಿಯುವ ಮನೆಯಾದರೆ ಸರಿ. ಉಳಿದವರಿಗೆ 86, 87ರ ಬಾಯ್ಲರ್, ಹೊರಗಿನ ಚಳಿಗೆ ತಕ್ಕಂತೆ ನೀರಿನ ಬಿಸಿ ಏರಿಳಿಸುವ ಔಟ್‌ಡೋರ್ ರೀಸೆಟ್, ಸರಿಯಾದ ಅಳತೆಯ ನಾಜಲ್ (ಎಣ್ಣೆಯನ್ನು ಸಿಂಪಡಿಸುವ ಸಣ್ಣ ತುದಿ), ಇಷ್ಟೇ ನನ್ನ ಸಲಹೆ. ಕಂಡೆನ್ಸಿಂಗ್ ಬಾಯ್ಲರ್ ಈಗಾಗಲೇ ಇದ್ದರೆ ಹನಿನೀರು ಆಮ್ಲ ಎಂಬುದು ನೆನಪಿರಲಿ. ಸುಣ್ಣಕಲ್ಲಿನ ಚೂರು ತುಂಬಿದ ನ್ಯೂಟ್ರಲೈಸರ್ ಮೂಲಕವೇ ಅದು ಹೊರಹೋಗಬೇಕು. ಚೂರು ಕರಗಿ ಕಡಿಮೆಯಾಗಿದೆಯೇ, ಟ್ರ್ಯಾಪಿನಲ್ಲಿ ಕೆಸರು ಕಟ್ಟಿದೆಯೇ ಎಂದು ಪ್ರತಿ ವರ್ಷ ನೋಡಿ.

ನಾಜಲಿನ ಅಳತೆಯ ಬಗ್ಗೆ ಒಂದು ಲೆಕ್ಕ. ನಾಜಲ್ ಮೇಲೆ ಬರೆದ ಅಂಕಿ, ಅಂದರೆ ಗಂಟೆಗೆ ಎಷ್ಟು ಗ್ಯಾಲನ್ ಎಂಬುದು, 100 ಪಿಎಸ್ಐ (ಚದರ ಅಂಗುಲಕ್ಕೆ ಪೌಂಡ್) ಒತ್ತಡದ್ದು, ಈಗಿನ ಪಂಪುಗಳು 140, 150ರಲ್ಲಿ ಓಡುತ್ತವೆ. ಹರಿವು ಒತ್ತಡದ ವರ್ಗಮೂಲದಂತೆ ಏರುತ್ತದೆ. 0.65ರ ನಾಜಲ್ 140ರಲ್ಲಿ ಗಂಟೆಗೆ 0.77 ಗ್ಯಾಲನ್ ಸುಡುತ್ತದೆ. ಒಂದು ಗ್ಯಾಲನ್ ನಂಬರ್ 2 ಎಣ್ಣೆಯಲ್ಲಿ (ಮನೆ ಕಾಯಿಸಲು ಬಳಸುವ ಎಣ್ಣೆ) ಸುಮಾರು 1,38,500 ಬಿಟಿಯು ಶಾಖ ಇದೆ. ಕಡುಚಳಿಯ ದಿನ ಗಂಟೆಗೆ 40,000 ಬಿಟಿಯು ಸಾಕಾಗುವ ಮನೆಗೆ ಗಂಟೆಗೆ ಅರ್ಧ ಗ್ಯಾಲನ್ ಸುಟ್ಟರೂ ಹೆಚ್ಚೇ. ದೊಡ್ಡ ನಾಜಲ್ ಹಾಕಿದರೆ ಬಾಯ್ಲರ್ ಐದೈದು ನಿಮಿಷಕ್ಕೆ ಹೊತ್ತಿ ಆರುತ್ತದೆ, ಮಸಿ ಹೆಚ್ಚಾಗಿ ಹುಟ್ಟುವುದು ಈ ಹೊತ್ತಿಕೊಳ್ಳುವ, ಆರುವ ಕ್ಷಣಗಳಲ್ಲೇ. ಹಾಗೆಂದು ತೀರ ಚಿಕ್ಕದಕ್ಕೂ ಇಳಿಯಬಾರದು. 0.50ಕ್ಕಿಂತ ಕೆಳಗೆ ನಾಜಲಿನ ಒಳದಾರಿ ಎಷ್ಟು ಸಣ್ಣದೆಂದರೆ ಒಂದು ಕಣ ಕಸ ಸಾಕು ಕಟ್ಟಿಕೊಳ್ಳಲು. ಬಾಯ್ಲರ್ ತಯಾರಕರ ಪಟ್ಟಿಯಲ್ಲಿಲ್ಲದ ನಾಜಲನ್ನು ನಾನು ಹಾಕುವುದಿಲ್ಲ.

ಸರ್ವಿಸ್ ಶುರುಮಾಡುವುದು ಅಳತೆಯಿಂದ. ಏನನ್ನೂ ಬಿಚ್ಚುವ ಮೊದಲು ಹತ್ತು ನಿಮಿಷ ಉರಿಸಿ ಹೊಗೆಯ ಬಿಸಿ, ಎಳೆತ, ಮಸಿ ಎಷ್ಟಿದೆ ಎಂದು ಬರೆದುಕೊಳ್ಳುತ್ತೇನೆ. ಕಳೆದ ವರ್ಷಕ್ಕಿಂತ ಹೊಗೆ 50 ಡಿಗ್ರಿ ಬಿಸಿಯಾಗಿದ್ದರೆ ಒಳಗೆ ಮಸಿಯ ಪದರ ಇದೆ ಎಂದೇ ಅರ್ಥ. ಎಳೆತ ಬಿದ್ದಿದ್ದರೆ ದಾರಿ ಅಥವಾ ಚಿಮಣಿ ಕಟ್ಟಿದೆ. ಬಿಚ್ಚಿದ ಮೇಲೆ ಈ ಸುಳಿವುಗಳು ಅಳಿಸಿಹೋಗುತ್ತವೆ.

ಆಮೇಲೆ ಬಾಯ್ಲರಿನ ಕೆಂಪು ಪಟ್ಟಿಯ ತುರ್ತು ಸ್ವಿಚ್ ಆಫ್, ಎಣ್ಣೆಯ ವಾಲ್ವ್ ಬಂದ್. ಬಾಯ್ಲರಿನ ಬಾಗಿಲು ತೆರೆದು ಪ್ರತಿ ಸುತ್ತಿನ ದಾರಿಗೂ ಅದರ ಅಳತೆಯ ಬ್ರಷ್ ಹಾಕಿ ಹಿಂದಿನಿಂದ ಮುಂದಕ್ಕೆ ಎಳೆಯುತ್ತೇನೆ, ಉದುರಿದ್ದನ್ನು ಮಸಿಗೆಂದೇ ಇರುವ ವ್ಯಾಕ್ಯೂಮಿನಲ್ಲಿ ತೆಗೆಯುತ್ತೇನೆ. ಮನೆಬಳಕೆಯ ವ್ಯಾಕ್ಯೂಮ್ ಇದಕ್ಕೆ ಬೇಡ, ಹಿಂದಿನಿಂದ ಮಸಿ ಕಾರಿ ಇಡೀ ಮನೆಗೆ ಹರಡುತ್ತದೆ. ಉರಿಕೋಣೆಯ ಗೋಡೆಗೆ ಒತ್ತಿದ ಸೆರಾಮಿಕ್ ಹೊದಿಕೆಯನ್ನು ಬ್ರಷ್ ಮುಟ್ಟಬಾರದು. ಅದು ಮೃದು, ಅದರ ನಾರು ಶ್ವಾಸಕ್ಕೆ ಹೋಗಬಾರದು, ಮಾಸ್ಕ್ ಕಡ್ಡಾಯ. ಬಾಗಿಲಿನ ಹಗ್ಗದ ಗ್ಯಾಸ್ಕೆಟ್ ಗಟ್ಟಿಯಾಗಿದ್ದರೆ ಬದಲಿಸಿ, ಅಲ್ಲಿ ಸೋರುವ ಗಾಳಿ ಮುಂದಿನ ಅಳತೆಯನ್ನೆಲ್ಲ ಸುಳ್ಳಾಗಿಸುತ್ತದೆ. ಹೊಗೆಕೊಳವೆಯನ್ನೂ ಬಿಚ್ಚಿ ಚಿಮಣಿಯ ಬುಡ ನೋಡಬೇಕು. ಹೊಗೆ ತಣ್ಣಗಿರುವ ಈ ಬಾಯ್ಲರುಗಳಿಗೆ ಹಳೆಯ ಅಗಲ ಇಟ್ಟಿಗೆ ಚಿಮಣಿ ಹೊಂದುವುದಿಲ್ಲ. ಒಳಗೆ ನೀರು ಹನಿಗಟ್ಟಿ ಗಾರೆ ಉದುರುತ್ತದೆ, ಸ್ಟೇನ್‌ಲೆಸ್ ಲೈನರ್ ಬೇಕಾಗುತ್ತದೆ.

ಮ್ಯಾಸಚೂಸೆಟ್ಸ್‌ನಲ್ಲಿ 2018ರ ಜುಲೈಯಿಂದ ಮನೆ ಎಣ್ಣೆಯ ಗಂಧಕ 15 ಪಿಪಿಎಂಗೆ (ಹತ್ತು ಲಕ್ಷದಲ್ಲಿ 15 ಭಾಗ) ಇಳಿದಿದೆ. ಹಿಂದೆ ಗಂಧಕದಿಂದ ಆಗುತ್ತಿದ್ದ ಹಳದಿ, ಕೆಂಪು ಹೊಪ್ಪಳೆ ಈಗ ಬಹಳ ಕಡಿಮೆ. ಹಾಗಾಗಿ ಎರಡು ವರ್ಷಕ್ಕೊಮ್ಮೆ ಬ್ರಷ್ ಮಾಡಿದರೆ ಸಾಕು ಎನ್ನುವವರಿದ್ದಾರೆ. ಬ್ರಷ್ ಮಟ್ಟಿಗೆ ಅದನ್ನು ಒಪ್ಪಬಹುದು. ಫಿಲ್ಟರ್, ನಾಜಲ್, ಅಳತೆ ಮಾತ್ರ ಪ್ರತಿ ವರ್ಷ ಆಗಲೇಬೇಕು.

ಫಿಲ್ಟರ್ ಎರಡಿರಲಿ ಎನ್ನುವವನು ನಾನು: ಟ್ಯಾಂಕಿನ ಬಳಿ ಉಣ್ಣೆಯ ಕಾರ್ಟ್ರಿಜ್, ಬರ್ನರಿನ ಬಳಿ 10 ಮೈಕ್ರಾನಿನ ಸ್ಪಿನ್-ಆನ್, ಅದರ ತಲೆಯ ಮೇಲೊಂದು ವ್ಯಾಕ್ಯೂಮ್ ಗೇಜ್ (ಎಣ್ಣೆ ಎಳೆಯಲು ಪಂಪ್ ಎಷ್ಟು ಹೆಣಗುತ್ತಿದೆ ಎಂದು ತೋರಿಸುವುದು). ಹೊಸ ಫಿಲ್ಟರ್ ಹಾಕಿದ ದಿನದ ಅಂಕಿ ಬರೆದಿಡಿ. ಚಳಿಗಾಲದ ನಡುವೆ ಅದು ಏರುತ್ತ ಹೋದರೆ ಬಾಯ್ಲರ್ ನಿಲ್ಲುವ ಮೊದಲೇ ಗೊತ್ತಾಗುತ್ತದೆ. ಒಂದೇ ಕೊಳವೆಯ ವ್ಯವಸ್ಥೆಯಲ್ಲಿ ಗೇಜು 6 ಅಂಗುಲ (ಪಾದರಸದ ಅಳತೆ) ದಾಟಿದರೆ ಎಣ್ಣೆಯಲ್ಲಿ ಕರಗಿದ ಗಾಳಿ ಬೇರ್ಪಟ್ಟು ಗುಳ್ಳೆಯಾಗುತ್ತದೆ, ಜ್ವಾಲೆ ತಡವರಿಸುತ್ತದೆ. ಹೊರಗಿನ ಅಥವಾ ದೂರದ ಟ್ಯಾಂಕಾದರೆ ಎಣ್ಣೆಯಿಂದ ಗಾಳಿ ಬೇರ್ಪಡಿಸುವ ಟೈಗರ್‌ಲೂಪ್ ಹಾಕಿಸುವುದು ಒಳ್ಳೆಯದು. ಬಿ20 ಎಣ್ಣೆ (ಶೇಕಡಾ 20 ಬಯೋಡೀಸೆಲ್ ಬೆರೆಸಿದ್ದು) ಮೊದಲ ಬಾರಿ ತುಂಬಿಸಿದವರು ತಿಂಗಳೊಳಗೆ ಫಿಲ್ಟರ್ ನೋಡಿ. ಸಸ್ಯಜನ್ಯ ಎಣ್ಣೆ ಟ್ಯಾಂಕಿನ ಹಳೆಯ ಕೆಸರನ್ನು ಕಿತ್ತು ತರುತ್ತದೆ. ರೋಡ್ ಐಲೆಂಡಿನಲ್ಲಂತೂ ಕಾನೂನಿನ ಪ್ರಕಾರ 2025ರಿಂದ ಎಲ್ಲರಿಗೂ ಇದೇ ಮಿಶ್ರಣ.

ನಾಜಲನ್ನು ತೊಳೆದು ಮತ್ತೆ ಹಾಕುವ ಅಭ್ಯಾಸ ಬೇಡ, ಹೊಸದೇ ಹಾಕಿ. ತುದಿಯ ರಂಧ್ರಕ್ಕೆ ಬೆರಳು ತಾಗಬಾರದು. ಹಳೆಯದರ ಗ್ಯಾಲನ್, ಕೋನ, ಸಿಂಪಡಿಕೆಯ ಬಗೆ ಹೇಳುವ ಅಕ್ಷರ ಮೂರೂ ತಾಳೆಯಾಗಬೇಕು; 80 ಡಿಗ್ರಿಯ ಜಾಗಕ್ಕೆ 60 ಹಾಕಿದರೆ ಜ್ವಾಲೆ ಉದ್ದವಾಗಿ ಹಿಂದಿನ ಗೋಡೆಗೆ ಬಡಿಯುತ್ತದೆ, ಬಡಿದಲ್ಲಿ ಮಸಿ. ಕಿಡಿ ಹಾರಿಸುವ ಎಲೆಕ್ಟ್ರೋಡಿನ ಅಳತೆ ಬರ್ನರಿನ ಕೈಪಿಡಿಯಿಂದಲೇ ಬರಬೇಕು. ಬೆಕೆಟ್ ಎಎಫ್‌ಜಿ ಬರ್ನರಿಗೆ ನಾನು ಇಡುವುದು: ತುದಿಗಳ ನಡುವೆ 5/32 ಅಂಗುಲ, ನಾಜಲಿನ ನಡುಬಿಂದುವಿನಿಂದ 5/16 ಮೇಲೆ, 1/16 ಮುಂದೆ. ಎಲೆಕ್ಟ್ರೋಡ್ ಹೆಚ್ಚು ಮುಂದಾದರೆ ಎಣ್ಣೆ ಬಿದ್ದು ಇದ್ದಿಲು ಕಟ್ಟುತ್ತದೆ, ಹಿಂದಾದರೆ ಕಿಡಿ ಎಣ್ಣೆಗೆ ಮುಟ್ಟದೆ ತಡವಾಗಿ ಹೊತ್ತಿ ಧಡಾರೆನ್ನುತ್ತದೆ. ಫ್ಯಾನಿನ ರೆಕ್ಕೆಗಳನ್ನು ಸಣ್ಣ ಬ್ರಷ್ಷಿನಿಂದ ಉಜ್ಜಿ. ಬಟ್ಟೆ ಒಣಗಿಸುವ ಯಂತ್ರ ಪಕ್ಕದಲ್ಲಿದ್ದರೆ ಅದರ ನೂಲುಧೂಳು ರೆಕ್ಕೆಯ ಬಾಗಿನಲ್ಲೇ ಕೂರುತ್ತದೆ. ಜ್ವಾಲೆ ಇದೆಯೇ ಎಂದು ನೋಡುವ ಕ್ಯಾಡ್ ಸೆಲ್‌ನ ಗಾಜು ಒರೆಸಿ. ಒಳ್ಳೆಯ ಜ್ವಾಲೆ ನೋಡುವಾಗ ಅದರ ರೋಧ 1,600 ಓಮ್‌ಗಿಂತ ಕೆಳಗಿರಬೇಕು, ಸಾವಿರದೊಳಗಿದ್ದರೆ ನಿಶ್ಚಿಂತೆ.

ಪಂಪಿನ ಜಾಲರಿ, ಮುಚ್ಚಳದ ಗ್ಯಾಸ್ಕೆಟ್ ಬದಲಿಸಿ ಗಾಳಿ ತೆಗೆಯಬೇಕು. ಗಾಳಿ ಬಿಡುವ ತಿರುಪಾದ ಬ್ಲೀಡರಿಗೆ ಪಾರದರ್ಶಕ ಟ್ಯೂಬ್ ಸಿಕ್ಕಿಸಿ ಡಬ್ಬಿಯೊಳಗೆ ಬಿಟ್ಟು, 3/8ರ ಸ್ಪ್ಯಾನರಿನಿಂದ ಸಡಿಲಿಸಿ ಬರ್ನರ್ ಓಡಿಸಿ. ಗುಳ್ಳೆ ನಿಂತಮೇಲೂ 15 ಸೆಕೆಂಡ್ ಹರಿಯಲಿ. ನಂತರ ಗೇಜಿನಲ್ಲಿ ಒತ್ತಡ ನೋಡಿ. ಬರ್ನರ್ ನಿಂತಾಗ ಒತ್ತಡ ಒಮ್ಮೆಲೇ ಸ್ವಲ್ಪ ಇಳಿದು ಅಲ್ಲೇ ನಿಲ್ಲಬೇಕು. 140ರಿಂದ 112ಕ್ಕಿಂತ ಕೆಳಗೆ ಜಾರುತ್ತಲೇ ಇದ್ದರೆ ಪಂಪಿನ ಕಟ್-ಆಫ್ ಸೋತಿದೆ. ಆರಿದ ಮೇಲೂ ನಾಜಲ್ ತೊಟ್ಟಿಕ್ಕುತ್ತದೆ, ಸರ್ವಿಸ್ ಮಾಡಿದ ಮೂರೇ ವಾರಕ್ಕೆ ಮಸಿ ಕಟ್ಟುವ ಬಾಯ್ಲರಿನಲ್ಲಿ ನಾನು ಮೊದಲು ಹುಡುಕುವುದು ಇದನ್ನೇ.

ಈಗ ಗಾಳಿಯ ಹೊಂದಾಣಿಕೆ. ಈ ಕೆಲಸದ ಜೀವಾಳವೇ ಇದು. ಬಾಯ್ಲರಿಗೂ ಎಳೆತವನ್ನು ಹದದಲ್ಲಿಡುವ ಡ್ರಾಫ್ಟ್ ರೆಗ್ಯುಲೇಟರಿಗೂ ನಡುವೆ ಹೊಗೆಕೊಳವೆಯಲ್ಲಿ ಅಳತೆಯ ರಂಧ್ರ. ಮೊದಲು ಎಳೆತ: ಸಾಮಾನ್ಯವಾಗಿ ಬೆಂಕಿಯ ಮೇಲೆ ಮೈನಸ್ 0.01ರಿಂದ 0.02 ಅಂಗುಲ (ನೀರಿನ ಅಳತೆ). ಕೆಲವು ಹೊಸ ಬಾಯ್ಲರುಗಳು ಒಳಗೆ ತುಸು ಒತ್ತಡದಲ್ಲೇ ಓಡುತ್ತವೆ, ಅಲ್ಲಿ ಕೈಪಿಡಿ ಹೇಳಿದ್ದೇ ಸರಿ. ಆಮೇಲೆ ಹೊಗೆಯನ್ನು ಬಿಳಿ ಕಾಗದದ ಮೂಲಕ ಎಳೆಯುವ ಸ್ಮೋಕ್ ಪಂಪನ್ನು ಹತ್ತು ಬಾರಿ ಎಳೆದು ಕಾಗದದ ಕಲೆ ನೋಡುತ್ತೇನೆ. ಕಲೆ ಕಂಡೂ ಕಾಣದ ಹಾಗೆ ಬರುವವರೆಗೆ ಗಾಳಿ ಕಡಿಮೆ ಮಾಡಿ, ಆ ಬಿಂದುವಿನ ಕಾರ್ಬನ್ ಡೈಆಕ್ಸೈಡ್ ಬರೆದುಕೊಳ್ಳುತ್ತೇನೆ. ಅದು ಶೇಕಡಾ 13.5 ಎಂದಿಟ್ಟುಕೊಳ್ಳಿ. ಅಲ್ಲಿಂದ ಗಾಳಿ ಹೆಚ್ಚಿಸಿ 12ರಿಂದ 12.5ಕ್ಕೆ ತಂದು ನಿಲ್ಲಿಸುತ್ತೇನೆ. ಆಗ ಆಮ್ಲಜನಕ ಶೇಕಡಾ 4ರಿಂದ 5, ಕಾಗದ ಬಿಳಿ, ಕಾರ್ಬನ್ ಮಾನಾಕ್ಸೈಡ್ 50 ಪಿಪಿಎಂ ಒಳಗೆ.

ಆ ಒಂದು ಅಂಕವನ್ನು ಬಿಟ್ಟುಕೊಡುವುದು ಯಾಕೆಂದರೆ ಅಕ್ಟೋಬರಿನಲ್ಲಿ ಹೊಂದಿಸಿದ್ದು ಫೆಬ್ರವರಿಗೂ ಬಾಳಬೇಕು. ತಣ್ಣನೆಯ ಎಣ್ಣೆ ಮಂದವಾಗುತ್ತದೆ. ಮಂದ ಎಣ್ಣೆ ನಾಜಲಿನಲ್ಲಿ ಹೆಚ್ಚು ಹರಿಯುತ್ತದೆ, ಹನಿಯೂ ದಪ್ಪ. ಫ್ಯಾನಿಗೆ ಧೂಳು ಹತ್ತುತ್ತದೆ. ವಿಶ್ಲೇಷಕದ ಪರದೆಯಲ್ಲಿ ದಕ್ಷತೆ 88 ಕಾಣಲಿ ಎಂದು 13.5ರಲ್ಲೇ ಬಿಟ್ಟುಹೋದ ಬಾಯ್ಲರ್ ಕ್ರಿಸ್‌ಮಸ್ ಹೊತ್ತಿಗೆ ಮಸಿ ತುಂಬಿ, ಕಳೆದ ವರ್ಷಕ್ಕಿಂತ ಹೆಚ್ಚು ಎಣ್ಣೆ ಕುಡಿಯುತ್ತಿರುತ್ತದೆ. ಬಿಗಿಯಾಗಿ ಮುಚ್ಚಿದ ಮನೆಯಲ್ಲಿ ಅಡುಗೆಮನೆಯ ಎಕ್ಸಾಸ್ಟ್, ಬಟ್ಟೆ ಡ್ರೈಯರ್ ಎರಡನ್ನೂ ಹಾಕಿ ಮತ್ತೊಮ್ಮೆ ಎಳೆತ ನೋಡಿ. ಆಗ ಎಳೆತ ಕುಸಿದರೆ ಹೊರಗಿನಿಂದ ಗಾಳಿ ತರುವ ಕೊಳವೆ ಬರ್ನರಿಗೆ ಬೇಕು.

ಹೊರಡುವ ಮುನ್ನ ಉರಿಯುತ್ತಿರುವಾಗಲೇ ಎಣ್ಣೆಯ ವಾಲ್ವ್ ಮುಚ್ಚಿ, ಕಂಟ್ರೋಲ್ ತಾನಾಗಿ ಬರ್ನರ್ ನಿಲ್ಲಿಸಿ ಲಾಕ್‌ಔಟ್ ಆಗುತ್ತದೆಯೇ ಎಂದು ಪರೀಕ್ಷಿಸುತ್ತೇನೆ. ನೀರಿನ ಕಡೆ: ತಣ್ಣಗಿರುವಾಗ 12 ಪಿಎಸ್ಐ, ರಿಲೀಫ್ ವಾಲ್ವ್ 30ರದ್ದು. ಬಿಸಿಯಾದಾಗ ಗೇಜು 30ರ ಹತ್ತಿರ ಏರಿ ವಾಲ್ವ್ ಸೋರಿದರೆ ಹೆಚ್ಚಾಗಿ ಹಿಗ್ಗುವ ನೀರಿಗೆ ಜಾಗ ಕೊಡುವ ಎಕ್ಸ್‌ಪ್ಯಾನ್ಶನ್ ಟ್ಯಾಂಕಿನ ರಬ್ಬರ್ ಹೋಗಿರುತ್ತದೆ, ವಾಲ್ವಿನ ತಪ್ಪಲ್ಲ. ಕಂಡೆನ್ಸಿಂಗ್ ಅಲ್ಲದ ಎರಕದ ಬಾಯ್ಲರಿಗೆ ಮರಳುವ ನೀರು ಬಹಳ ಹೊತ್ತು 130ಕ್ಕಿಂತ ತಣ್ಣಗಿರಬಾರದು, ಒಳಗಿನಿಂದ ತುಕ್ಕು ಹಿಡಿಯುತ್ತದೆ.

ಟ್ಯಾಂಕ್ ಒಳಗಿನಿಂದಲೇ, ತಳದಿಂದಲೇ ತೂತಾಗುತ್ತದೆ. ನೀರು ಎಣ್ಣೆಗಿಂತ ಭಾರ, ತಳ ಸೇರುತ್ತದೆ. ತಳದಲ್ಲಿ ಬೆವರಿದಂಥ ಕಲೆ ಕಂಡರೆ ಬದಲಿಸಲು ಕಾಯಬೇಡಿ. ಹೊರಗಿಟ್ಟ ಟ್ಯಾಂಕಿನ ಎಣ್ಣೆಗೆ ಚಳಿಯಲ್ಲಿ ಮೇಣ ಕಟ್ಟುತ್ತದೆ, ನವೆಂಬರಿನಲ್ಲೇ ಸೀಮೆಎಣ್ಣೆ ಬೆರೆಸಿದ್ದನ್ನು ತರಿಸಬೇಕು. ನೆಲದ ಕಾಂಕ್ರೀಟಿನಲ್ಲಿ ಹೂತ ಬರಿ ತಾಮ್ರದ ಕೊಳವೆ ಇದ್ದರೆ ಅದಕ್ಕೆ ಪ್ಲಾಸ್ಟಿಕ್ ಕವಚ ಅಥವಾ ಸೇಫ್ಟಿ ವಾಲ್ವ್ ಇರಲೇಬೇಕೆಂದು ಮ್ಯಾಸಚೂಸೆಟ್ಸ್ ಕಾನೂನೇ ಇದೆ.

ಮನೆಯವರಿಗೆ ಕಟ್ಟುನಿಟ್ಟಾಗಿ ಹೇಳುವುದು ಲಾಕ್‌ಔಟ್ ಆದ ಬರ್ನರನ್ನು ಮತ್ತೆ ಓಡಿಸುವ ರೀಸೆಟ್ ಬಟನ್ ವಿಷಯ. ಬಾಯ್ಲರ್ ನಿಂತರೆ ಮೊದಲು ಟ್ಯಾಂಕಿನ ಗೇಜು, ಕೆಂಪು ಸ್ವಿಚ್, ಥರ್ಮೋಸ್ಟ್ಯಾಟಿನ ಬ್ಯಾಟರಿ ನೋಡಿ. ಆಮೇಲೆ ಒಂದೇ ಒಂದು ಸಲ ಒತ್ತಿ. ಹೊತ್ತಲಿಲ್ಲವೆಂದು ಮತ್ತೆ ಮತ್ತೆ ಒತ್ತಿದರೆ ಪ್ರತಿ ಸಲವೂ ಉರಿಕೋಣೆಗೆ ಹಸಿ ಎಣ್ಣೆ ಸುರಿಯುತ್ತದೆ. ಕೊನೆಗೊಮ್ಮೆ ಕಿಡಿ ಹತ್ತಿದಾಗ ಅಷ್ಟೂ ಒಟ್ಟಿಗೇ ಹೊತ್ತಿ ಹೊಗೆಕೊಳವೆ ಕಿತ್ತುಬರುತ್ತದೆ, ಮನೆಯ ಗೋಡೆ, ಬಟ್ಟೆ, ಹಾಸಿಗೆಯ ಮೇಲೆಲ್ಲ ಮಸಿ ಕೂರುತ್ತದೆ. ಮೆಕ್ಯಾನಿಕ್ ಬಂದಾಗ ಎಷ್ಟು ಸಲ ಒತ್ತಿದ್ದೀರಿ ಎಂಬುದನ್ನು ಮುಚ್ಚಿಡದೆ ಹೇಳಿ. ಆ ಸಂಖ್ಯೆ ತಿಳಿಯದೆ ಅವರು ಬರ್ನರ್ ಹೊತ್ತಿಸಬಾರದು.