ಮಾತು ಮೊದಲು, ಚಲನೆ ಆಮೇಲೆ: ರೋಬೋಟ್ ಕೈಗೆ ಕ್ರಿಯಾಪದ ಕಲಿಸಿದ ನನ್ನ ಅನುಭವ

"ಹಳದಿ ಬ್ಲಾಕ್" ಎಂದೆ. ಕೈ ಹಳದಿಯ ಕಡೆ ತಿರುಗಿ ನಿಂತಿತು. "ಎಳೆ" ಎಂದೆ. ಗ್ರಿಪ್ಪರ್ (ಕೈ ತುದಿಯ ಹಿಡಿಕೆ) ಬ್ಲಾಕಿನ ಹಿಂದೆ ಇಳಿದು ಅದನ್ನು ನನ್ನ ಕಡೆ ಎಳೆಯಿತು.

ಹಳದಿಯನ್ನು ಎತ್ತಲು ಕಲಿಸಿದ್ದೆ. ಕೆಂಪನ್ನು ಎಳೆಯಲು ಕಲಿಸಿದ್ದೆ. ಹಳದಿಯನ್ನು ಎಳೆಯಲು ಒಂದು ಸಲವೂ ಕಲಿಸಿರಲಿಲ್ಲ. ಸಾವಿರಾರು ಡೆಮೊ (ಮಾಡಿ ತೋರಿಸುವ ಪಾಠ) ಬೇಕು, ಚಾಟ್‌ಜಿಪಿಟಿಯಂಥ ದೊಡ್ಡ ಭಾಷಾ ಮಾದರಿ ಇಲ್ಲದೆ ಇದು ಆಗಲ್ಲ ಅಂತ ಗೆಳೆಯರು ಒಂದೂವರೆ ವರ್ಷ ಹೇಳುತ್ತಲೇ ಇದ್ದರು. ನನ್ನ ಹತ್ತಿರ ಇದ್ದದ್ದು ಸುಮಾರು 200 ಡೆಮೊ, ಒಂದು ಹಳೆ ಲ್ಯಾಪ್‌ಟಾಪ್, ಒಂದು ಚಿಕ್ಕ ಎಲ್‌ಎಸ್‌ಟಿಎಂ (ಸಾಲಾಗಿ ಬರುವ ಮಾತು, ಚಲನೆಗಳಲ್ಲಿ ಮುಂದಿನದನ್ನು ಊಹಿಸಲು ಕಲಿಯುವ ನ್ಯೂರಲ್ ನೆಟ್‌ವರ್ಕ್). ಅಷ್ಟರಲ್ಲೇ ಆಯಿತು.

ನಿಲ್ಲಿಸಿಟ್ಟ ಉದ್ದನೆಯ ಬ್ಲಾಕ್‌ಗಳು, 5 ಬಣ್ಣ. ಕೆಲಸ 6: ಮುಟ್ಟು, ಎತ್ತು, ಎಳೆ, ಎಡಕ್ಕೆ ತಳ್ಳು, ಬಲಕ್ಕೆ ತಳ್ಳು, ಬೀಳಿಸು. ಒಟ್ಟು 30 ವಾಕ್ಯ. ಹಿಡಿದು ನಡೆಸಿ ಕಲಿಸುವ ಪದ್ಧತಿ: ರೋಬೋಟ್ ಕೈಯನ್ನು ನಾನೇ ಹಿಡಿದು ಬೇಕಾದ ಹಾಗೆ ಆಡಿಸುತ್ತೇನೆ, ಆ ಚಲನೆಯನ್ನು ದಾಖಲಿಸಿಕೊಂಡು ಅದು ಕಲಿಯುತ್ತದೆ. ಮಾತನ್ನು ಪದವಾಗಿಸುವ ಕೆಲಸವನ್ನು ರೆಡಿಮೇಡ್ ಸಾಫ್ಟ್‌ವೇರ್‌ಗೆ ಬಿಟ್ಟೆ.

ಮೊದಲು ದುಡ್ಡು ಹಾಳಾದ ಕಥೆ. ಮೊದಲ ಕೈಗೆ ಅಗ್ಗದ ಸರ್ವೋ ಮೋಟಾರ್ ಹಾಕಿದ್ದೆ. ಅರ್ಧ ತಿಂಗಳ ಸಂಬಳ ಹೋಯಿತು. ಅವು ಹೇಳಿದಷ್ಟು ತಿರುಗುತ್ತವೆ, ಆದರೆ ನಾವು ಕೈಯಿಂದ ತಿರುಗಿಸಿದರೆ ಎಷ್ಟು ತಿರುಗಿತು ಅಂತ ವಾಪಸ್ ಹೇಳುವುದಿಲ್ಲ. ಹಿಡಿದು ನಡೆಸಿ ಕಲಿಸುವವನಿಗೆ ಅದೇ ಮುಖ್ಯ ಅಲ್ವಾ? ಸರ್ವೋ ಬಿಚ್ಚಿ ಒಳಗಿನ ಪೊಟೆನ್ಶಿಯೋಮೀಟರ್‌ಗೆ (ಎಷ್ಟು ತಿರುಗಿತು ಅಂತ ಅಳೆಯುವ ಭಾಗ) ತಂತಿ ಬೆಸೆದು ಓದಲು ನೋಡಿದೆ. ನಾಲ್ಕು ಸರಿಬಂದವು, ಎರಡು ಸುಟ್ಟವು. ಸರಿಬಂದವೂ ಸುಮ್ನೆ ನಿಂತಾಗಲೇ ಮೂರು ನಾಲ್ಕು ಡಿಗ್ರಿ ಆಚೀಚೆ ತೋರಿಸುತ್ತಿದ್ದವು. ಕೊನೆಗೆ ಎಷ್ಟು ತಿರುಗಿದ್ದೇವೆ ಅಂತ ತಾವೇ ವಾಪಸ್ ಹೇಳುವ ಸರ್ವೋಗಳನ್ನೇ ಕೊಂಡೆ. ಅದಕ್ಕೆ ಹತ್ತಿರಹತ್ತಿರ ಎರಡು ತಿಂಗಳ ಸಂಬಳ. ಈ ಕೆಲಸಕ್ಕೆ ಇಳಿಯುವವರು ದಯವಿಟ್ಟು ಇಲ್ಲಿ ಉಳಿತಾಯ ಮಾಡಬೇಡಿ.

ಹೊಸ ಕೈ ಬಂದ ಮೇಲೆ ಐದು ತಿಂಗಳು ಸೋತೆ. 10 ವಾಕ್ಯ ಆರಿಸಿಕೊಂಡು ಒಂದೊಂದಕ್ಕೆ 20 ಡೆಮೊ ಕೊಟ್ಟೆ. ಕಲಿಸಿದ್ದನ್ನೆಲ್ಲ ಚೆನ್ನಾಗಿ ಮಾಡಿತು. ಕಲಿಸದ 20 ವಾಕ್ಯಗಳಲ್ಲಿ ಮೂರೋ ನಾಲ್ಕೋ ಸರಿ. ಡೆಮೊ ಜಾಸ್ತಿ ಮಾಡಿದೆ, ನೆಟ್‌ವರ್ಕ್ ದೊಡ್ಡದು ಮಾಡಿದೆ, ಜಿಪಿಯು (ಇಂಥ ತರಬೇತಿಗೆ ಬಳಸುವ ವೇಗದ ಚಿಪ್) ಬಾಡಿಗೆಗೆ ತೆಗೆದುಕೊಂಡೆ. ಏನೂ ಬದಲಾಗಲಿಲ್ಲ. ಒಂದು ರಾತ್ರಿ ಮೈಕ್‌ ಆಫ್ ಆಗಿದ್ದು ಗಮನಕ್ಕೆ ಬಂದಿರಲಿಲ್ಲ. ಕೈಯನ್ನು ಸ್ವಲ್ಪ ಎಳೆದು ಬಿಟ್ಟೆ, ಮಿಕ್ಕಿದ್ದನ್ನು ಅದೇ ಪೂರ್ತಿ ಮಾಡಿತು. ಒಂದೂ ಮಾತು ಕೇಳದೆ! ಆಗ ಗೊತ್ತಾಯಿತು, ಅದು ಇಷ್ಟು ದಿನ ನನ್ನ ಮಾತು ಕೇಳಿಯೇ ಇರಲಿಲ್ಲ.

ಉತ್ತರ ಸಿಕ್ಕಿದ್ದು ಮನೆಯಲ್ಲೇ. ಮಗಳಿಗೆ ಆಗ 15 ತಿಂಗಳು. ಕೈಯಲ್ಲಿ ಒಂದು ಲೋಟ ಹಿಡಿದು ಮುಖದ ಹತ್ತಿರ ತಿರುಗಿಸಿ ನೋಡುತ್ತಿದ್ದಳು. ಅವಳ ಅಮ್ಮ ಬುಟ್ಟಿ ಮುಂದೆ ಸರಿಸಿ "ಒಳಗೆ ಹಾಕು ಪುಟ್ಟಿ" ಎಂದಳು. ಮಗಳು ನಿಂತಳು. ಬುಟ್ಟಿ ನೋಡಿದಳು. ಆಮೇಲೆ ಲೋಟ ಬಿಟ್ಟಳು. ಮೊಬೈಲ್‌ನಲ್ಲಿ ತೆಗೆದ ಆ ವಿಡಿಯೊವನ್ನು ಹತ್ತು ಸಲವಾದರೂ ನೋಡಿರಬೇಕು. ಮಾತು ಮೊದಲು ಬಂತು, ಕೈ ಆಮೇಲೆ ಆಡಿತು. ನನ್ನ ರೆಕಾರ್ಡಿಂಗ್‌ನಲ್ಲಿ ಇದು ತಲೆಕೆಳಗು. ಕೈಯನ್ನು ಎಳೆಯುತ್ತಾ "ನೋಡು, ಎಳೀತಿದೀನಿ" ಅನ್ನುತ್ತಿದ್ದೆ. ಪದ ಬರುವ ಹೊತ್ತಿಗೆ ಚಲನೆ ಶುರುವಾಗಿರುತ್ತಿತ್ತು. ಚಲನೆಯ ಮೊದಲ ಅರ್ಧ ಸೆಕೆಂಡ್ ನೋಡಿದರೆ ಮುಂದಿನದು ಹೇಗೂ ಗೊತ್ತಾಗುತ್ತದೆ. ನೆಟ್‌ವರ್ಕಿಗೆ ಪದದ ಹಂಗೇ ಬೇಕಿರಲಿಲ್ಲ. ಮೊದಲ ಬದಲಾವಣೆ ಇದೇ: ಪದ ಮೊದಲು ಹೇಳಿ, ಆಮೇಲೆ ಕೈ ಆಡಿಸತೊಡಗಿದೆ.

ಆಮೇಲೆ ಹುಡುಕಿದರೆ, ಮನಶ್ಶಾಸ್ತ್ರಜ್ಞರಾದ ಟೊಮಸೆಲ್ಲೊ ಮತ್ತು ಕ್ರೂಗರ್ 1992ರಲ್ಲೇ ಮಕ್ಕಳಲ್ಲಿ ಇದನ್ನು ತೋರಿಸಿದ್ದಾರೆ. ಇನ್ನೇನು ನಡೆಯಲಿರುವ ಕೆಲಸಕ್ಕೆ ಮೊದಲೇ ಕ್ರಿಯಾಪದ ಹೇಳಿದರೆ, ನಡೆಯುತ್ತಿರುವಾಗ ಹೇಳಿದ್ದಕ್ಕಿಂತ ಮಕ್ಕಳು ಚೆನ್ನಾಗಿ ಕಲಿಯುತ್ತಾರೆ. ಹೆಸರುಗಳ ವಿಷಯ ಬೇರೆ. ಮಗು ಹಿಡಿದ ವಸ್ತು ಅದರ ಕಣ್ಣ ತುಂಬಾ ಇದ್ದಾಗ ಹೆಸರು ಹೇಳಿದರೆ ಆ ಹೆಸರು ಮನಸ್ಸಿನಲ್ಲಿ ನಿಲ್ಲುತ್ತದೆ ಎಂದು ಚೆನ್ ಯು ಮತ್ತು ಲಿಂಡಾ ಸ್ಮಿತ್ ಎಂಬ ಸಂಶೋಧಕರು ಮಕ್ಕಳ ತಲೆಗೆ ಪುಟ್ಟ ಕ್ಯಾಮೆರಾ ಕಟ್ಟಿ ಕಂಡುಕೊಂಡಿದ್ದರು. ಅದನ್ನು ಓದಿ ನನ್ನ ಕ್ಯಾಮೆರಾವನ್ನು ಸ್ಟ್ಯಾಂಡ್‌ನಿಂದ ಇಳಿಸಿ ರೋಬೋಟಿನ ಮಣಿಕಟ್ಟಿಗೆ ಕಟ್ಟಿದೆ. ಬಣ್ಣದ ಗೊಂದಲ ಅಲ್ಲಿಗೆ ಮುಗಿಯಿತು.

ಎರಡನೇ ಬದಲಾವಣೆ ಇನ್ನೂ ದೊಡ್ಡದು. ಅದೇ 200 ಡೆಮೊ, ಆದರೆ 20 ವಾಕ್ಯಕ್ಕೆ ಹತ್ತು ಹತ್ತು. ಪ್ರತಿ ಬಣ್ಣಕ್ಕೆ 4 ಕೆಲಸ, ಯಾವ ಜೋಡಿ ಬಿಡಬೇಕು ಅಂತ ಕಾಗದದ ಮೇಲೆ ಚೌಕ ಹಾಕಿ ಲೆಕ್ಕ ಮಾಡಿದೆ. ಬ್ಲಾಕಿನ ಜಾಗವನ್ನೂ ಪ್ರತಿ ಸಲ ಬದಲಿಸಿದೆ. ಮೊದಲು ಕೆಂಪು ಯಾವಾಗಲೂ ಎಡಗಡೆ ಇರುತ್ತಿತ್ತು, ಅದಕ್ಕೆ ಕೈ "ಕೆಂಪು" ಎಂದರೆ ಎಡಗಡೆ ಅಂತ ಕಲಿತಿತ್ತು. ಒಂದು ಪದವನ್ನು ಬೇರೆ ಬೇರೆ ಜೊತೆಯಲ್ಲಿ ಕಂಡಾಗಲೇ ಅದು ತನ್ನ ಕಾಲ ಮೇಲೆ ನಿಲ್ಲುತ್ತದೆ. ಜಪಾನಿನ ಓಕಿನಾವಾದಲ್ಲಿ ರೋಬೋಟ್ ಸಂಶೋಧಕ ಜುನ್ ತಾನಿ ಅವರ ತಂಡ 2025ರಲ್ಲಿ ಬಣ್ಣದ ಬ್ಲಾಕ್ ಮತ್ತು ರೋಬೋಟ್ ಕೈ ಇಟ್ಟುಕೊಂಡು ಇದನ್ನೇ ಪ್ರಕಟಿಸಿದಾಗ ನನಗಾದ ಖುಷಿ ಅಷ್ಟಿಷ್ಟಲ್ಲ.

ಫಲ: ಕಲಿಸದ 10 ವಾಕ್ಯಗಳಲ್ಲಿ 8 ಸರಿ, ಕೆಲವು ದಿನ 9. ತರಬೇತಿ ಲ್ಯಾಪ್‌ಟಾಪ್‌ನಲ್ಲೇ ಸುಮಾರು ಮೂರು ಗಂಟೆ. ಕಲಿಯುವಾಗ ನೆಟ್‌ವರ್ಕ್ ಮಾಡುವ ಮಾತಿನ ತಪ್ಪಿಗೂ ಚಲನೆಯ ತಪ್ಪಿಗೂ ಲೆಕ್ಕದಲ್ಲಿ ಎಷ್ಟೆಷ್ಟು ತೂಕ ಕೊಟ್ಟೆ ಅನ್ನುವುದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ. ಅದಕ್ಕೆ ಎರಡು ತಿಂಗಳು ನಿದ್ದೆ ಕೆಟ್ಟಿದ್ದೇನೆ.

ನಡುವೆ ಒಂದೆರಡು ಅಡ್ಡದಾರಿ. ಮಕ್ಕಳು ಕೈಕಾಲು ಆಡಿಸುವ ಹಾಗೆ ರೋಬೋಟ್‌ ಕೈಯನ್ನು ಎರಡು ರಾತ್ರಿ ಸುಮ್ನೆ ಮನಬಂದಂತೆ ಆಡಲು ಬಿಟ್ಟೆ. ಒಂದು ಸರ್ವೋ ಮುಟ್ಟಲಾಗದಷ್ಟು ಬಿಸಿಯಾಯಿತು, ಆದರೆ ಆಮೇಲಿನ ಕಲಿಕೆ ಬೇಗ ಆಯಿತು. ಇನ್ನೊಂದು, ಕ್ರಿಯಾಪದ ಮೊದಲು ಹೇಳಿ ನೋಡಿದ್ದು: "ಎಳೆ ಹಳದಿ ಬ್ಲಾಕ್". ಸರಿ ಬಂದ ವಾಕ್ಯ ಒಂದೆರಡು ಕಮ್ಮಿಯಾದವು. ನಮ್ಮ ಮಾತಿನಲ್ಲಿ ವಸ್ತು ಮೊದಲು ಬರುತ್ತದೆ, ಕ್ರಿಯಾಪದ ಬರುವಷ್ಟರಲ್ಲಿ ಕ್ಯಾಮೆರಾ ಬ್ಲಾಕಿನ ಮೇಲೆ ಕೂತಿರುತ್ತದೆ. ಅದರ ಲಾಭ ಇರಬೇಕು ಅಂತ ನನ್ನ ಊಹೆ.

"ಹಾಕು" ಕಲಿಸಲು ಹೋಗಿ ಕೈಬಿಟ್ಟೆ. ಬುಟ್ಟಿಗೆ ಹಾಕು, ಬಾಗಿಲು ಹಾಕು, ಲೈಟ್ ಹಾಕು, ಬಟ್ಟೆ ಹಾಕು. ನಾಲ್ಕಕ್ಕೂ ಕೈಯ ಚಲನೆ ಬೇರೆ. ಮಗಳು ಎರಡು ತುಂಬುವುದರೊಳಗೆ ನಾಲ್ಕನ್ನೂ ತಪ್ಪಿಲ್ಲದೆ ಮಾಡುತ್ತಿದ್ದಳು. ನನ್ನ ನೆಟ್‌ವರ್ಕ್‌ಗೆ ಅದು ಇನ್ನೂ ನಿಲುಕಿಲ್ಲ.

ಈಗ ಉಳಿದಿರುವ ತಪ್ಪು "ತಳ್ಳು" ಮತ್ತು "ಬೀಳಿಸು" ನಡುವೆ. ಎರಡೂ ಒಂದೇ ಥರ ಶುರುವಾಗುತ್ತವೆ. ಬ್ಲಾಕಿನ ಬುಡಕ್ಕೆ ಒತ್ತಿದರೆ ಜರುಗುತ್ತದೆ, ತಲೆಗೆ ಒತ್ತಿದರೆ ಬೀಳುತ್ತದೆ. ವ್ಯತ್ಯಾಸ ಒಂದು ಬೆರಳಿನಷ್ಟು. ನೀಲಿಯನ್ನು ಎಡಕ್ಕೆ ತಳ್ಳು ಅಂದರೆ ಐದರಲ್ಲಿ ಎರಡು ಸಲ ಬೀಳಿಸುತ್ತದೆ. ಗ್ರಿಪ್ಪರ್‌ ತುದಿಗೆ ಒತ್ತಡದ ಸೆನ್ಸರ್ ಅಂಟಿಸಿದ್ದೇನೆ, ಈ ವಾರ ಡೆಮೊಗಳನ್ನು ಮತ್ತೆ ರೆಕಾರ್ಡ್ ಮಾಡುತ್ತಿದ್ದೇನೆ.