ಫೋನಿನಲ್ಲಿ ‘ಕಂಡೆನ್ಸರ್ ಹೋಗಿದೆ’ ಎನ್ನಬೇಡಿ

ಡಲ್ಲಾಸ್ ಕಡೆಗೆ ಹೊಸದಾಗಿ ಬಂದು ಮನೆ ಕೊಂಡವರೇ, ಎಸಿ ಕೆಟ್ಟಾಗ ಫೋನಿನಲ್ಲಿ ‘ಕಂಡೆನ್ಸರ್ ಹೋಗಿದೆ’ ಎಂದು ಮಾತ್ರ ಹೇಳಬೇಡಿ. ನಾನು ಹೇಳಿ ಕೆಟ್ಟೆ.

ದಾವಣಗೆರೆಯ ನಮ್ಮ ಮನೆಯಲ್ಲಿ ಫ್ಯಾನ್ ಗುಂಯ್ ಎನ್ನುತ್ತ ತಿರುಗದೆ ನಿಂತರೆ ಅಪ್ಪ ಕೋಲಿನಿಂದ ರೆಕ್ಕೆಯನ್ನು ಒಮ್ಮೆ ತಳ್ಳುತ್ತಿದ್ದರು. ತಿರುಗಲು ಶುರುವಾದರೆ ‘ಕಂಡೆನ್ಸರ್ ಹೋಗಿದೆ’ ಎಂದು ತೀರ್ಪು. ಅಂಗಡಿಯಿಂದ ಎರಡೂವರೆ ಮೈಕ್ರೊಫ್ಯಾರಡ್‌ನದೊಂದು ತಂದು ಹಾಕಿದರೆ ಮುಗಿಯಿತು. ಇಲ್ಲಿ ಜುಲೈನ ಒಂದು ಮಧ್ಯಾಹ್ನ, ಹೊರಗೆ 104 ಡಿಗ್ರಿ, ನಮ್ಮ ಲೆಕ್ಕದಲ್ಲಿ 40. ಹಿತ್ತಲಿನ ಯಂತ್ರ ಅದೇ ದನಿಯಲ್ಲಿ ಗುಂಯ್‌ಗುಡುತ್ತಿತ್ತು, ಮೇಲಿನ ಫ್ಯಾನ್ ಅಲುಗುತ್ತಿರಲಿಲ್ಲ. ರೋಗ ಸರಿಯಾಗಿಯೇ ಹಿಡಿದೆ, ಹೆಸರು ತಪ್ಪಿತು. ನಾವು ಕಂಡೆನ್ಸರ್ ಎನ್ನುವುದು ಇವರಿಗೆ ಕೆಪಾಸಿಟರ್. ಇವರ ಕಂಡೆನ್ಸರ್ ಎಂದರೆ ಹಿತ್ತಲಲ್ಲಿ ಕುಳಿತ ಇಡೀ ಯಂತ್ರ! ಬಂದವನು ಮುಚ್ಚಳವನ್ನೂ ಬಿಚ್ಚದೆ ಹೊಸ ಯಂತ್ರಕ್ಕೆ ಸಾವಿರಾರು ಡಾಲರ್‌ಗಳ ಅಂದಾಜು ಬರೆದ. ಸೆಕೆಗೆ ಮಗು ಅಳುತ್ತಿತ್ತು, ಸಹಿ ಹಾಕಿದೆ.

ನಾಲ್ಕು ಬೇಸಿಗೆ ಕಳೆದ ಮೇಲೆ ಆ ಹೊಸ ಯಂತ್ರವೂ ಅದೇ ರಾಗ ತೆಗೆಯಿತು. ಈ ಸಲ ಬಂದ ಹಿರಿಯ ಮುಚ್ಚಳ ಬಿಚ್ಚಿ ಕರೆದು ತೋರಿಸಿದ. ಕೆಪಾಸಿಟರ್‌ನ ತಗಡಿನ ಡಬ್ಬಿಯ ನೆತ್ತಿ ಪೂರಿಯಂತೆ ಉಬ್ಬಿತ್ತು. ಮೇಲೆ 45 ಎಂದು ಬರೆದಿತ್ತು, ಮೀಟರು 31 ತೋರಿಸಿತು. ಆರು ಶೇಕಡಾ ಕಡಿಮೆಯಾದರೇ ಬದಲಿಸಬೇಕಂತೆ. ಅದೊಂದನ್ನೇ ಬದಲಿಸಿದ, ಇಪ್ಪತ್ತು ನಿಮಿಷದಲ್ಲಿ ಮನೆ ತಣ್ಣಗಾಗತೊಡಗಿತು. ನನ್ನ ಹೊಟ್ಟೆ ಮಾತ್ರ ಉರಿಯಿತು. ಹಾಗೆಂದು ನೀವೇ ಕೈ ಹಾಕಬೇಡಿ, ವಿದ್ಯುತ್ ತೆಗೆದ ಮೇಲೂ ಆ ಡಬ್ಬಿಯಲ್ಲಿ ಶಾಕ್ ಉಳಿದಿರುತ್ತದೆ. ಜಾಲರಿಯೊಳಗೆ ಕೋಲು ತೂರಿಸುವ ಅಪ್ಪನ ವಿದ್ಯೆಯೂ ಬೇಡ.

ಗುಂಯ್ ಎನ್ನುವ ಸದ್ದೂ ಇಲ್ಲದಿದ್ದರೆ ಕಾಂಟ್ಯಾಕ್ಟರ್, ಎಂದರೆ ಹೊರಗಿನ ಯಂತ್ರಕ್ಕೆ ಕರೆಂಟ್ ಬಿಡುವ ಸ್ವಿಚ್ಚು, ನೋಡಿಸಿ. ಟೆಕ್ಸಾಸಿನ ಇರುವೆಗಳು ಅದರ ನಡುವೆ ನುಗ್ಗಿ ಸುಟ್ಟುಹೋಗಿ ಸಂಪರ್ಕ ತಪ್ಪಿಸುತ್ತವೆ. ಕೆಲವೊಮ್ಮೆ ಯಾವ ಭಾಗವೂ ಕೆಟ್ಟಿರುವುದಿಲ್ಲ. ನೀರು ಹೋಗುವ ಕೊಳವೆ ಪಾಚಿಗಟ್ಟಿದರೂ ಯಂತ್ರ ತಾನಾಗಿ ನಿಲ್ಲುತ್ತದೆ. ತಾಮ್ರದ ಕೊಳವೆಯ ಮೇಲೆ ಮಂಜುಗಡ್ಡೆ ಕಂಡರೆ ಮೊದಲು ಫಿಲ್ಟರ್ ತೆಗೆದು ನೋಡಿ. ದಿನವೂ ಒಗ್ಗರಣೆ ಹಾಕುವ ಮನೆಯ ಫಿಲ್ಟರ್‌ಗೆ ಎಣ್ಣೆಯ ಅಂಟಿನಲ್ಲಿ ಧೂಳು ಕೂರುತ್ತದೆ, ಪ್ಯಾಕೆಟ್ ಮೇಲಿನ ಮೂರು ತಿಂಗಳ ಲೆಕ್ಕ ನಮಗಲ್ಲ. ಹೊಸ ಫಿಲ್ಟರ್ ಹಾಕಿದ ಮೇಲೂ ಮಂಜು ಕಟ್ಟಿದರೆ ಗ್ಯಾಸ್ ಸೋರುತ್ತಿರಬಹುದು. ಊರಿನಂತೆ ವರ್ಷಕ್ಕೊಮ್ಮೆ ‘ಗ್ಯಾಸ್ ತುಂಬಿಸಿ’ ಎನ್ನಬೇಡಿ. ಗ್ಯಾಸ್ ಖರ್ಚಾಗುವ ವಸ್ತುವಲ್ಲ, ಕಡಿಮೆಯಾಗಿದೆ ಎಂದರೆ ಎಲ್ಲೋ ತೂತಿದೆ. ಹಳೆಯ ಆರ್-22 ಗ್ಯಾಸಿನ ಯಂತ್ರವಾದರೆ, ಅದರ ಹೊಸ ಉತ್ಪಾದನೆ ಮತ್ತು ಆಮದು ಅಮೆರಿಕದಲ್ಲಿ 2020ರಲ್ಲೇ ನಿಂತಿದೆ. ಆಗ ಇಡೀ ಯಂತ್ರ ಬದಲಿಸಿ ಎಂದವನು ಕಳ್ಳನಲ್ಲ.

ಹೊಸ ಯಂತ್ರ ಹಾಕಿಸಿದರೆ ವಾರಂಟಿ ನೋಂದಣಿಯನ್ನು ಅದೇ ವಾರ ಮುಗಿಸಿ, ಕೆಲಸಕ್ಕೆ ಬಂದವನ ಲೈಸೆನ್ಸ್ ಸಂಖ್ಯೆ ಕೇಳಿ.

ಅಂದು ಅತ್ತ ಮಗಳಿಗೆ ಈಗ ಹನ್ನೊಂದು. ಯಂತ್ರದ ದನಿ ಕೇಳದಿದ್ದರೆ ಅವಳಿಗೆ ನಿದ್ದೆ ಇಲ್ಲ. ಹೋದ ವರ್ಷ ದಾವಣಗೆರೆಯಲ್ಲಿ ಸಂಜೆ ಮಳೆ ಹನಿದು, ಕಿಟಕಿಯಿಂದ ಮಣ್ಣಿನ ವಾಸನೆ ಒಳಗೆ ಬಂದಾಗ, ‘ಅಪ್ಪ, ಏನೋ ಲೀಕ್ ಆಗುತ್ತಿದೆ’ ಎಂದಳು. ಅವಳ ಅಜ್ಜ ನಕ್ಕು ಕಿಟಕಿಯ ಇನ್ನೊಂದು ಬಾಗಿಲನ್ನೂ ತೆರೆದರು. ನಾನು ಆಗಲೇ ಅದನ್ನು ಮುಚ್ಚಲೆಂದು ಎದ್ದು ನಿಂತಿದ್ದೆ.